ಹಳೆಯ ಮಾಡ್ಯೂಲ್ ತೆಗೆಯುವ ಮುಂಚೆ ಎಚ್ಚರಿಕೆ ಯಾರ ಕಿವಿಗೆ ಬಿತ್ತು?

(ಪೈಥಾನ್ ಬಳಸುವ ಪ್ರೋಗ್ರಾಮರುಗಳಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾಡ್ಯೂಲ್, ಫಂಕ್ಷನ್‌ಗಳ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಪೈಥಾನ್ 3.13 ಬಿಡುಗಡೆಯಾದದ್ದು 2024ರ ಅಕ್ಟೋಬರ್ 7ರಂದು. 3.12ರ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ, ಅಂದರೆ ಪೈಥಾನ್ ಜೊತೆಗೇ ಬರುವ ಕೋಡ್ ಸಂಗ್ರಹದಲ್ಲಿ, ಇದ್ದ 19 ಮಾಡ್ಯೂಲ್‌ಗಳು ಅದರಲ್ಲಿ ಇಲ್ಲ. ಸಿಜಿಐ, ಕ್ರಿಪ್ಟ್, ಟೆಲ್‌ನೆಟ್‌ಲಿಬ್, ಆಡಿಯೋಆಪ್, ಪೈಪ್ಸ್, ಮೇಲ್‌ಕ್ಯಾಪ್, ಎನ್‌ಎನ್‌ಟಿಪಿಲಿಬ್ ಇವುಗಳಲ್ಲಿ ಕೆಲವು. ಇದು ದಿಢೀರನೆ ಆದದ್ದೇನೂ ಅಲ್ಲ. ಇವನ್ನು ತೆಗೆಯುವ ಪೆಪ್ 594 ಎಂಬ ಪ್ರಸ್ತಾವವನ್ನು (ಪೈಥಾನ್ ಬದಲಾವಣೆಯ ವಿಧಿವತ್ ಪ್ರಸ್ತಾವಗಳಿಗೆ ಪೆಪ್ ಎಂದು ಹೆಸರು) ಕ್ರಿಶ್ಚಿಯನ್ ಹೈಮ್ಸ್ ಮೊದಲು ಮುಂದಿಟ್ಟದ್ದು 2019ರಲ್ಲಿ. ಆಮೇಲೆ ಬ್ರೆಟ್ ಕ್ಯಾನನ್ ಜೊತೆಗೂಡಿದರು. ಒಪ್ಪಿಗೆ ಸಿಕ್ಕಿದ್ದು 2022ರ ಮಾರ್ಚ್‌ನಲ್ಲಿ. 3.11 ಮತ್ತು 3.12, ಎರಡೂ ಆವೃತ್ತಿಗಳಲ್ಲಿ ಈ ಮಾಡ್ಯೂಲ್‌ಗಳನ್ನು ಇಂಪೋರ್ಟ್ ಮಾಡಿದರೆ ಡೆಪ್ರಿಕೇಶನ್ ವಾರ್ನಿಂಗ್ ಬರುತ್ತಿತ್ತು, "3.13ರಲ್ಲಿ ತೆಗೆಯುತ್ತೇವೆ" ಎಂದು ಆವೃತ್ತಿಯ ಸಂಖ್ಯೆ ಸಮೇತ. ಮೊದಲ ಪ್ರಸ್ತಾವದಿಂದ ಎಣಿಸಿದರೆ ಐದು ವರ್ಷಕ್ಕೂ ಹೆಚ್ಚು.

ಇಷ್ಟಾದರೂ ಅಪ್‌ಗ್ರೇಡ್ ಮಾಡಿದ ದಿನ "ಮಾಡ್ಯೂಲ್ ಸಿಗಲಿಲ್ಲ" ಎಂಬ ದೋಷ ನೋಡಿ ಬೆಚ್ಚಿದವರು ಬೇಕಾದಷ್ಟು ಜನ. ಅವರನ್ನು ಸೋಮಾರಿಗಳು ಅನ್ನುವುದು ಸುಲಭ. ಆದರೆ ಅವರಲ್ಲಿ ಹಲವರ ಕಣ್ಣಿಗೆ ಆ ವಾರ್ನಿಂಗ್ ಒಂದು ಸಲವೂ ಬಿದ್ದಿರಲಿಲ್ಲ. ಕೋಡ್ ಅಳಿಸುವುದು ಅರ್ಧ ದಿನದ ಕೆಲಸ. ಎಚ್ಚರಿಕೆಯನ್ನು ಸರಿಯಾದ ಕಿವಿಗೆ ಮುಟ್ಟಿಸುವುದೇ ಕಷ್ಟ, ಮತ್ತು ಅಲ್ಲಿಯೇ ಎಲ್ಲ ಎಡವಟ್ಟು ಆಗುವುದು. ಇವತ್ತು ನಾನು ಹೇಳಬೇಕೆಂದಿರುವುದೂ ಅದನ್ನೇ.

ಮೊದಲು, ಯಾಕೆ ತೆಗೆಯಬೇಕು ಅನ್ನುವುದನ್ನು ಬೇಗ ಮುಗಿಸುತ್ತೇನೆ. ಸನ್‌ಎಯು ಮಾಡ್ಯೂಲ್ ಸನ್ ಕಂಪನಿಯ ಹಳೆಯ ಆಡಿಯೋ ಫೈಲುಗಳಿಗೆ. ಒಎಸ್‌ಎಸ್‌ಆಡಿಯೋಡೆವ್ ಲಿನಕ್ಸ್‌ನಲ್ಲಿ ಆಲ್ಸಾ ಬರುವ ಮುಂಚಿನ ಧ್ವನಿ ವ್ಯವಸ್ಥೆಗೆ. ಇವು ಬರೀ ಮೂಲೆಯಲ್ಲಿ ಬಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ, ಆದರೆ ಪ್ರತಿ ರಿಲೀಸಿಗೂ ಇವುಗಳ ಟೆಸ್ಟ್ ಓಡಬೇಕು, ಬಿಲ್ಡ್ ಆಗಬೇಕು, ಭದ್ರತಾ ದೋಷ ಬಂದರೆ ಯಾರಾದರೂ ಉತ್ತರಿಸಬೇಕು. ಮೇಲ್‌ಕ್ಯಾಪ್ ನೋಡಿ. ಅದರಲ್ಲಿ ಶೆಲ್ ಕಮಾಂಡ್ ನುಸುಳಿಸಬಹುದಾದ ದೋಷವಿದೆ ಎಂದು ವರದಿಯಾದದ್ದು 2015ರಲ್ಲಿ, ತಿದ್ದಿದ್ದು 2022ರಲ್ಲಿ. ನೋಡಿಕೊಳ್ಳುವವರಿಲ್ಲದ ಕೋಡ್ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇದ್ದರೆ ಜನ ಅದನ್ನು ನಂಬುತ್ತಾರೆ. ಅಪಾಯ ಇರುವುದೇ ಅಲ್ಲಿ.

ಈಗ ವಾರ್ನಿಂಗ್ ವಿಷಯ. ಪೈಥಾನ್ 2.7 ಮತ್ತು 3.2ರಿಂದ ಡೆಪ್ರಿಕೇಶನ್ ವಾರ್ನಿಂಗ್ ಪೂರ್ವನಿಯೋಜಿತವಾಗಿ ಕಾಣಿಸುವುದಿಲ್ಲ. ಪ್ರೋಗ್ರಾಂ ಬರೆಯದ, ಬರೀ ಬಳಸುವ ಜನರ ಪರದೆಯ ಮೇಲೆ ಅರ್ಥವಾಗದ ಸಾಲುಗಳು ಬೀಳಬಾರದು ಎಂಬ ಕಾಳಜಿಯಿಂದ ಮಾಡಿದ್ದು. 3.7ರಲ್ಲಿ ಪೆಪ್ 565 ಇದನ್ನು ಸ್ವಲ್ಪ ಸಡಿಲಿಸಿತು: ನೀವು ನೇರವಾಗಿ ಓಡಿಸುವ ಮುಖ್ಯ ಸ್ಕ್ರಿಪ್ಟಿನ ಸಾಲಿನಿಂದಲೇ ಎಚ್ಚರಿಕೆ ಹುಟ್ಟಿದರೆ ತೋರಿಸು, ಉಳಿದದ್ದನ್ನು ಮುಚ್ಚಿಡು. ಅಂದರೆ ನಿಮ್ಮ ಕೋಡ್ ನಾಲ್ಕು ಫೈಲುಗಳಾಗಿ ಹಂಚಿಕೊಂಡಿದ್ದು, ಸಿಜಿಐ ಇಂಪೋರ್ಟ್ ಮಾಡಿದ್ದು ಎರಡನೇ ಫೈಲಿನಲ್ಲಾದರೆ ನಿಮಗೆ ಏನೂ ಕಾಣಿಸದು. ಪೈಟೆಸ್ಟ್ ಮತ್ತು ಯುನಿಟ್‌ಟೆಸ್ಟ್ ಎಂಬ ಟೆಸ್ಟ್ ಉಪಕರಣಗಳ ರನ್ನರ್ ಮಾತ್ರ ಎಲ್ಲವನ್ನೂ ತೋರಿಸುತ್ತವೆ. ಟೆಸ್ಟ್ ಬರೆಯದ ತಂಡಕ್ಕೆ, ಹಾಗಾದರೆ, ಎರಡು ವರ್ಷದ ಎಚ್ಚರಿಕೆ ಎಂದರೆ ಎರಡು ವರ್ಷದ ಮೌನ.

ಸರ್ವರ್‌ಗಳಲ್ಲಿ ಇನ್ನೊಂದು ತೊಡಕು. ವಾರ್ನಿಂಗ್ ತೋರಿಸು ಎಂದು ಹೇಳಿದರೂ, ಒಂದು ಸಾಲಿಗೆ ಒಂದೇ ಸಲ ಅದು ಮುದ್ರಣವಾಗುತ್ತದೆ. ತಿಂಗಳುಗಟ್ಟಲೆ ಓಡುವ ಪ್ರಕ್ರಿಯೆಯಲ್ಲಿ ಅದು ಶುರುವಿನ ಲಾಗ್‌ನಲ್ಲಿ ಒಂದು ಸಾಲಾಗಿ ಹೂತುಹೋಗಿರುತ್ತದೆ. ಲಾಗಿಂಗ್ ಮಾಡ್ಯೂಲಿನ ಕ್ಯಾಪ್ಚರ್‌ವಾರ್ನಿಂಗ್ಸ್ ಆನ್ ಮಾಡಿದರೆ ಈ ಸಾಲುಗಳು "ಪಿವೈ ಡಾಟ್ ವಾರ್ನಿಂಗ್ಸ್" ಎಂಬ ಲಾಗರ್‌ಗೆ ಹೋಗುತ್ತವೆ. ಆ ಹೆಸರಿಗೆ ಒಂದು ಅಲರ್ಟ್ ಕಟ್ಟಿಡಿ. ಎರಡೇ ಸಾಲಿನ ಕೆಲಸ.

ಕಮಾಂಡ್ ಸಾಲಿನಲ್ಲಿ ಡ್ಯಾಶ್ ಡಬ್ಲ್ಯೂ ಎರರ್ ಎಂದು ಕೊಟ್ಟರೆ ಎಲ್ಲ ವಾರ್ನಿಂಗ್ ದೋಷಗಳಾಗುತ್ತವೆ. ಕೇಳಲು ಚೆಂದ. ಮಾಡಿ ನೋಡಿದರೆ ನಿಮ್ಮ ಕೋಡ್ ಶುರುವಾಗುವ ಮುಂಚೆಯೇ ಯಾವುದೋ ಮೂರನೆಯವರ ಪ್ಯಾಕೇಜ್ ಇಂಪೋರ್ಟ್ ಆಗುವಾಗ ಬಿದ್ದುಹೋಗುತ್ತದೆ. ಸರಿ, ನಮ್ಮ ಪ್ಯಾಕೇಜಿಗೆ ಮಾತ್ರ ಅನ್ವಯಿಸೋಣ ಎಂದು ಮಾಡ್ಯೂಲ್ ಹೆಸರು ಸೇರಿಸಿದರೆ ಇನ್ನೊಂದು ಗುಂಡಿ: ಡ್ಯಾಶ್ ಡಬ್ಲ್ಯೂ ಆ ಹೆಸರನ್ನು ಅಕ್ಷರಶಃ ಪೂರ್ತಿ ಹೋಲಿಸುತ್ತದೆ. "ಬಿಲ್ಲಿಂಗ್" ಎಂದು ಕೊಟ್ಟರೆ "ಬಿಲ್ಲಿಂಗ್ ಡಾಟ್ ರಿಪೋರ್ಟ್" ಅದಕ್ಕೆ ಸೇರುವುದಿಲ್ಲ. ಪೈಟೆಸ್ಟ್‌ನ ಸಂರಚನಾ ಫೈಲಿನಲ್ಲಿ ಫಿಲ್ಟರ್‌ವಾರ್ನಿಂಗ್ಸ್ ಎಂಬ ಜಾಗದಲ್ಲಿ ಬರೆದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ (ಮಾದರಿ ಕೊಟ್ಟು ಹೆಸರುಗಳನ್ನು ಹೊಂದಿಸುವ ಬಗೆ) ನಡೆಯುತ್ತದೆ. ಹಾಗಾಗಿ ಅಲ್ಲಿ ಮೊದಲ ಸಾಲು "ಡೆಪ್ರಿಕೇಶನ್ ವಾರ್ನಿಂಗ್ ಎಲ್ಲವೂ ದೋಷ" ಎಂದಿರಲಿ. ಆಮೇಲೆ ಸದ್ಯಕ್ಕೆ ಕೈಹಾಕಲಾಗದ ಪ್ಯಾಕೇಜುಗಳಿಗೆ ಒಂದೊಂದು ವಿನಾಯಿತಿ ಸಾಲು, ಪಕ್ಕದಲ್ಲಿ ಅದು ಯಾವ ಪೈಥಾನ್ ಆವೃತ್ತಿಯಲ್ಲಿ ಹೋಗುತ್ತದೆ ಎಂಬ ಟಿಪ್ಪಣಿ. ನಿಮ್ಮ ಅಪ್‌ಗ್ರೇಡ್ ಕೆಲಸದ ಪಟ್ಟಿ ಅದೇ ಆಗುತ್ತದೆ.

ಎಚ್ಚರಿಕೆ ಕೊಡುವವರ ಕಡೆಯಿಂದ ಆಗುವ ತಪ್ಪಿಗೂ ಒಂದು ಒಳ್ಳೆಯ ನಿದರ್ಶನವಿದೆ. ನೆಟ್‌ವರ್ಕ್ ಕೆಲಸದ ಹಳೆಯ ಮಾಡ್ಯೂಲ್‌ಗಳಾದ ಅಸಿಂಕೋರ್ ಮತ್ತು ಅಸಿಂಚಾಟ್ ಬೇಡ ಎಂದು ಪೈಥಾನ್ ದಾಖಲೆಗಳು 3.6ರಿಂದಲೇ ಹೇಳುತ್ತಿದ್ದವು. 3.11ರ ಆಲ್ಫಾ (ಬಿಡುಗಡೆಗೆ ಮುಂಚಿನ ಪ್ರಯೋಗ) ಹಂತದಲ್ಲಿ ಅವನ್ನೂ ಮೇಲ್ ಸರ್ವರ್ ಮಾಡ್ಯೂಲ್ ಎಸ್‌ಎಂಟಿಪಿಡಿಯನ್ನೂ ಅಳಿಸಿದರು. ಆದರೆ ಓಡುವಾಗ ಬರುವ ವಾರ್ನಿಂಗ್ ಸೇರಿಸಿದ್ದು 3.10ರಲ್ಲಿ ಮಾತ್ರ. ದಾಖಲೆಯಲ್ಲಿ ಬರೆದದ್ದು ಎಚ್ಚರಿಕೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಪೈಥಾನಿನ ಕೊನೆಯ ತೀರ್ಮಾನ ಮಾಡುವ ಸ್ಟೀರಿಂಗ್ ಕೌನ್ಸಿಲ್ ಮೂರನ್ನೂ ವಾಪಸ್ ತರಿಸಿತು. ಕೊನೆಗೆ ಹೋದದ್ದು 2023ರ ಅಕ್ಟೋಬರಿನ 3.12ರಲ್ಲಿ. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ: ಹತ್ತು ವರ್ಷದಿಂದ ಓಡುತ್ತಿರುವ ಕೋಡಿನ ದಾಖಲೆಯನ್ನು ಯಾರೂ ಮತ್ತೆ ತೆರೆದು ಓದುವುದಿಲ್ಲ. ಇನ್ನೊಂದು ತಮಾಷೆ ಏನೆಂದರೆ, ಪೈಥಾನಿನ ಸ್ವಂತ ಟೆಸ್ಟ್‌ಗಳೇ ಅಸಿಂಕೋರ್ ಮೇಲೆ ನಿಂತಿದ್ದವು. ಹಾಗಾಗಿ ಅದರ ಒಂದು ಖಾಸಗಿ ಪ್ರತಿಯನ್ನು ಟೆಸ್ಟ್ ಫೋಲ್ಡರಿನೊಳಗೆ ಇಟ್ಟುಕೊಂಡರು.

ಪೆಪ್ 387ರ ನಿಯಮ ಕನಿಷ್ಠ ಎರಡು ಆವೃತ್ತಿಗಳಲ್ಲಿ ವಾರ್ನಿಂಗ್ ಇರಬೇಕು ಎನ್ನುತ್ತದೆ. ವರ್ಷಕ್ಕೊಂದು ಆವೃತ್ತಿ ಬರುವುದರಿಂದ ಎರಡು ವರ್ಷ. ಈ ಲೆಕ್ಕ ಭಾಷೆಯ ಕ್ಯಾಲೆಂಡರಿನದು, ನಿಮ್ಮ ಯಂತ್ರದ್ದಲ್ಲ. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರ ಪೈಥಾನ್ 3.9, 10ರದ್ದು 3.12. ಪ್ಯಾಕೇಜ್ ಬಿಲ್ಡ್ ಮಾಡುವ ಹಳೆಯ ಡಿಸ್ಟ್‌ಯುಟಿಲ್ಸ್‌ನ ವಾರ್ನಿಂಗ್ ಶುರುವಾದದ್ದು 3.10ರಲ್ಲಿ, ಅದನ್ನು ತೆಗೆದದ್ದು 3.12ರಲ್ಲಿ. 9ರಿಂದ 10ಕ್ಕೆ ಹಾರುವವರಿಗೆ ಎಚ್ಚರಿಕೆ ಕೊಟ್ಟ ಎರಡೂ ಆವೃತ್ತಿಗಳು ಕಾಲ ಕೆಳಗೆ ಹಾದುಹೋಗುತ್ತವೆ. ಹೀಗಾಗಿ ನಿಲ್ದಾಣ ತಪ್ಪಿಸಬೇಡಿ: 3.9ರಿಂದ 3.13ಕ್ಕೆ ಹೋಗುವುದಾದರೆ ಟೆಸ್ಟ್‌ಗಳನ್ನು ಮೊದಲು 3.11ರಲ್ಲಿ, ಆಮೇಲೆ 3.12ರಲ್ಲಿ ವಾರ್ನಿಂಗ್ ದೋಷವಾಗಿಸಿ ಓಡಿಸಿ. ಮೊದಲನೆಯದರಲ್ಲಿ ಡಿಸ್ಟ್‌ಯುಟಿಲ್ಸ್, ಇಂಪ್, ಅಸಿಂಕೋರ್ ಕೂಗುತ್ತವೆ, ಎರಡನೆಯದರಲ್ಲಿ ಆ 19. ಆ ಆವೃತ್ತಿಗಳಲ್ಲಿ ಡಿಪ್ಲಾಯ್ ಮಾಡಬೇಕಿಲ್ಲ, ಸಿಐನಲ್ಲಿ, ಅಂದರೆ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯಲ್ಲಿ, ಒಂದು ಸಾಲು ಸಾಕು.

ಇನ್ನು ಬದಲಿ ಹಾಕುವ ಕೆಲಸ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಹೆಸರು ಬದಲಿಸಿ ಟೆಸ್ಟ್ ಹಸಿರಾದ ಮೇಲೂ ತಪ್ಪು ಉಳಿಯುವುದು ಇಲ್ಲಿಯೇ.

ಡಿಸ್ಟ್‌ಯುಟಿಲ್ಸ್‌ನಿಂದ ಶುರು ಮಾಡೋಣ. ನಿಮ್ಮ ಲ್ಯಾಪ್‌ಟಾಪಿನಲ್ಲಿ 3.12 ಇದ್ದರೂ ಡಿಸ್ಟ್‌ಯುಟಿಲ್ಸ್ ಇಂಪೋರ್ಟ್ ಆಗಬಹುದು. ಸೆಟಪ್‌ಟೂಲ್ಸ್ ಎಂಬ ಪ್ಯಾಕೇಜಿಂಗ್ ಉಪಕರಣ ತನ್ನೊಳಗೆ ಅದರ ಪ್ರತಿಯನ್ನು ಇಟ್ಟುಕೊಂಡಿದ್ದು, ಅದು ಇನ್‌ಸ್ಟಾಲ್ ಆಗಿದ್ದರೆ ಹಳೆಯ ಹೆಸರಿಗೆ ತಾನೇ ಓಗೊಡುತ್ತದೆ. ಅದೇ ಕೋಡ್ ಡಾಕರ್‌ನ ಅಧಿಕೃತ 3.12 ಇಮೇಜಿನಲ್ಲಿ ಬೀಳುತ್ತದೆ, ಅಲ್ಲಿ ಸೆಟಪ್‌ಟೂಲ್ಸ್ ಇಲ್ಲ. 3.12ರಿಂದ ಹೊಸ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲೂ ಅದು ತಾನಾಗಿ ಬರುವುದಿಲ್ಲ. "ನನ್ನ ಹತ್ತಿರ ಓಡುತ್ತದಲ್ಲ" ಎಂಬ ಜಗಳ ಶುರುವಾಗುವುದು ಹೀಗೆ. ಜನ ಹೆಚ್ಚು ಬಳಸುತ್ತಿದ್ದ ತುಣುಕುಗಳಿಗೆ ಬದಲಿ ಸುಲಭ: ಫೈಂಡ್ ಎಕ್ಸಿಕ್ಯೂಟಬಲ್‌ಗೆ ಎಸ್‌ಎಚ್‌ಯುಟಿಲ್‌ನ ವಿಚ್, ಕಾಪಿ ಟ್ರೀಗೆ ಅದೇ ಮಾಡ್ಯೂಲಿನ ಕಾಪಿಟ್ರೀ. ಗಮ್ಯ ಫೋಲ್ಡರ್ ಮೊದಲೇ ಇದ್ದರೆ ಡರ್ಸ್ ಎಕ್ಸಿಸ್ಟ್ ಓಕೆ ಎಂಬ ಆಯ್ಕೆ ಹಾಕಲೇಬೇಕು, ಇಲ್ಲದಿದ್ದರೆ ದೋಷ. ಹೌದು-ಅಲ್ಲ ಪದಗಳನ್ನು ಓದುವ ಎಸ್‌ಟಿಆರ್‌ಟುಬೂಲ್‌ಗೆ ಸ್ಟ್ಯಾಂಡರ್ಡ್ ಬದಲಿ ಇಲ್ಲ, ಆರು ಸಾಲು ಬರೆದುಕೊಳ್ಳಿ, ಗುರುತಿಸದ ಪದ ಬಂದರೆ ವ್ಯಾಲ್ಯೂ ಎರರ್ ಎಸೆಯುವುದನ್ನು ಮರೆಯಬೇಡಿ. ಆವೃತ್ತಿ ಸಂಖ್ಯೆಗಳನ್ನು ಹೋಲಿಸುವ ಲೂಸ್‌ವರ್ಷನ್ ಬದಲು ಪ್ಯಾಕೇಜಿಂಗ್ ಲೈಬ್ರರಿಯ ವರ್ಷನ್ ಹಾಕಿದರೆ, ಹಳೆಯದು ಸಹಿಸುತ್ತಿದ್ದ ಅಂಕುಡೊಂಕು ಆವೃತ್ತಿ ಹೆಸರುಗಳಿಗೆ ಹೊಸದು ಇನ್‌ವ್ಯಾಲಿಡ್ ವರ್ಷನ್ ಎಂದು ಬಾಗಿಲು ಮುಚ್ಚುತ್ತದೆ. ಆ ಲೈಬ್ರರಿ 22.0ರಿಂದ ಹಳೆಯ ಸಡಿಲ ಓದನ್ನು ಕೈಬಿಟ್ಟಿದೆ.

ವೆಬ್ ಫಾರ್ಮುಗಳನ್ನು ಓದುವ ಸಿಜಿಐಯಲ್ಲಿ ಬಳಕೆಯಲ್ಲಿದ್ದ ಒಂದು ಫಂಕ್ಷನ್ ಪಾರ್ಸ್ ಹೆಡರ್. ಬದಲಿಗೆ ಇಮೇಲ್ ಮಾಡ್ಯೂಲಿನ ಮೆಸೇಜ್ ವಸ್ತು ಬಳಸಿ ಎಂದು ಪೆಪ್ ಹೇಳುತ್ತದೆ. ಅದರ ಗೆಟ್ ಪ್ಯಾರಂ ಸಾಮಾನ್ಯವಾಗಿ ಸ್ಟ್ರಿಂಗ್ ಕೊಡುತ್ತದೆ. ಆದರೆ ಅಪ್‌ಲೋಡ್ ಆದ ಫೈಲಿನ ಹೆಸರು "ವರದಿ.ಪಿಡಿಎಫ್" ಎಂದು ಕನ್ನಡದಲ್ಲಿದ್ದು, ಅದು ಯುಟಿಎಫ್-8 ಶೇಕಡಾ ಚಿಹ್ನೆಗಳ ರೂಪದಲ್ಲಿ, ನಕ್ಷತ್ರ ಗುರುತಿನ ಫೈಲ್‌ನೇಮ್ ಆಗಿ ಬಂದರೆ, ಅದೇ ಗೆಟ್ ಪ್ಯಾರಂ ಮೂರು ಭಾಗದ ಟ್ಯೂಪಲ್ ಕೊಡುತ್ತದೆ: ಅಕ್ಷರಸಂಕೇತ, ಭಾಷೆ, ಹೆಸರು. ಮೂರನೆಯದನ್ನು ನೇರವಾಗಿ ಎತ್ತಿಕೊಂಡರೆ ಲ್ಯಾಟಿನ್-1ರ ಕಲಸುಮೇಲೋಗರ ಸಿಗುತ್ತದೆ. ಗೆಟ್ ಫೈಲ್‌ನೇಮ್ ಕರೆದರೆ ಸರಿಯಾದ ಕನ್ನಡ ಹೆಸರು ಬರುತ್ತದೆ. ಇಂಗ್ಲಿಷ್ ಹೆಸರಿನ ಫೈಲುಗಳಿಂದಷ್ಟೇ ಟೆಸ್ಟ್ ಮಾಡಿದವರಿಗೆ ಇದು ಎಂದೂ ಗೊತ್ತಾಗದು. ಇದಕ್ಕೂ ಮುಂಚೆ, 3.8ರಲ್ಲಿ ಹೋದ ಸಿಜಿಐ ಎಸ್ಕೇಪ್‌ಗೂ ಇಂಥದೇ ಸೂಕ್ಷ್ಮವಿತ್ತು. ಬದಲಿಯಾದ ಎಚ್‌ಟಿಎಂಎಲ್ ಎಸ್ಕೇಪ್ ಉದ್ಧರಣ ಚಿಹ್ನೆಗಳನ್ನೂ ಬದಲಿಸುತ್ತದೆ, ಹಳೆಯದು ಕೇಳಿದರೆ ಮಾತ್ರ ಬದಲಿಸುತ್ತಿತ್ತು. ಸಿದ್ಧ ಔಟ್‌ಪುಟ್ ಜೊತೆ ಹೋಲಿಸುವ ಟೆಸ್ಟ್‌ಗಳು ಬೀಳುತ್ತವೆ. ಬೀಳಲಿ, ಹೊಸದೇ ಸುರಕ್ಷಿತ.

ಆಡಿಯೋಆಪ್ ವಿಷಯದಲ್ಲಿ ದೋಷದ ಸಂದೇಶವೇ ದಾರಿ ತಪ್ಪಿಸಿತು. ಪೈಡಬ್ ಎಂಬ ಜನಪ್ರಿಯ ಪ್ಯಾಕೇಜ್ ಆಡಿಯೋಆಪ್ ಸಿಗದಿದ್ದರೆ ಪೈಆಡಿಯೋಆಪ್ ಎಂಬ ಇನ್ನೊಂದನ್ನು ಹುಡುಕುತ್ತದೆ. 3.13ರಲ್ಲಿ ಬಳಕೆದಾರರಿಗೆ ಕೊನೆಗೆ ಕಾಣುವ ಸಾಲು "ಪೈಆಡಿಯೋಆಪ್ ಇಲ್ಲ" ಎಂಬುದು. ಜನ ಆ ಹೆಸರನ್ನು ಹುಡುಕುತ್ತ ಹೋಗುತ್ತಾರೆ, ನಿಜವಾಗಿ ಇನ್‌ಸ್ಟಾಲ್ ಮಾಡಬೇಕಾದದ್ದು ಆಡಿಯೋಆಪ್-ಎಲ್‌ಟಿಎಸ್. ಇಂಪೋರ್ಟ್ ಸುತ್ತ ಟ್ರೈ-ಎಕ್ಸೆಪ್ಟ್ ಕಟ್ಟುವವರು ಇದನ್ನು ನೆನಪಿಡಬೇಕು. ಎರಡನೇ ಪ್ರಯತ್ನವೂ ವಿಫಲವಾದರೆ ಏನು ಮಾಡಬೇಕೆಂದು ನೀವೇ ಒಂದು ಸಂದೇಶ ಬರೆದು ಎಸೆಯಿರಿ.

ಕ್ರಿಪ್ಟ್ ಬಳಸಿ ಪಾಸ್‌ವರ್ಡ್ ಹ್ಯಾಶ್ ಇಟ್ಟುಕೊಂಡಿರುವವರು ಅವಸರದಲ್ಲಿ ಬಿಕ್ರಿಪ್ಟ್ ಎಂಬ ಇನ್ನೊಂದು ಹ್ಯಾಶ್ ಲೈಬ್ರರಿಗೆ ಹಾರಬೇಡಿ. ನಿಮ್ಮ ಡೇಟಾಬೇಸಿನ ಹ್ಯಾಶ್ ಡಾಲರ್-6-ಡಾಲರ್ ಎಂದು ಶುರುವಾಗುತ್ತಿದ್ದರೆ ಅದು ಎಸ್‌ಎಚ್‌ಎ-512 ಬಗೆಯದು, ಬಿಕ್ರಿಪ್ಟ್‌ಗೆ ಅದು ಗೊತ್ತಾಗುವುದಿಲ್ಲ. ಹಳೆಯ ಬಗೆಯನ್ನು ಓದಬಲ್ಲ ಲೈಬ್ರರಿಯಿಂದ, ಪಾಸ್‌ಲಿಬ್ ಅಂಥದೊಂದು, ಮೊದಲು ತಾಳೆ ನೋಡಿ. ಲಾಗಿನ್ ಯಶಸ್ವಿಯಾದಾಗ ಕೈಯಲ್ಲಿ ಪಾಸ್‌ವರ್ಡ್ ಇರುತ್ತದಲ್ಲ, ಆಗ ಹೊಸ ಬಗೆಯಲ್ಲಿ ಹ್ಯಾಶ್ ಮಾಡಿ ಬರೆಯಿರಿ.

ಇಂಪ್ ಮಾಡ್ಯೂಲಿನಲ್ಲಿ ಫೈಲೊಂದನ್ನು ನೇರವಾಗಿ ಮಾಡ್ಯೂಲಾಗಿಸುವ ಲೋಡ್ ಸೋರ್ಸ್‌ಗೆ ಇಂಪೋರ್ಟ್‌ಲಿಬ್‌ನಲ್ಲಿ ಮೂರು ಹೆಜ್ಜೆ: ಸ್ಪೆಕ್ ಕಟ್ಟು, ಅದರಿಂದ ಮಾಡ್ಯೂಲ್ ಮಾಡು, ಎಕ್ಸಿಕ್ಯೂಟ್ ಮಾಡು. ನಡುವೆ ಸಿಸ್ ಮಾಡ್ಯೂಲ್ಸ್‌ನಲ್ಲಿ ಹೆಸರು ನೋಂದಾಯಿಸುವುದನ್ನು ಬಿಟ್ಟರೆ, ಆ ಫೈಲಿನಲ್ಲಿ ಡೇಟಾಕ್ಲಾಸ್ ಇದ್ದು ಟೈಪ್ ಸೂಚನೆಗಳು ಸ್ಟ್ರಿಂಗ್ ರೂಪದಲ್ಲಿದ್ದರೆ "ನನ್‌ಟೈಪ್‌ಗೆ ಡಿಕ್ಟ್ ಇಲ್ಲ" ಎಂಬ ಸಂಬಂಧವೇ ಇಲ್ಲದ ದೋಷ ಬರುತ್ತದೆ. ಫೈಲಿನ ಕೊನೆ ಡಾಟ್ ಪಿವೈ ಅಲ್ಲದಿದ್ದರೆ ಸ್ಪೆಕ್ ಬದಲು ನನ್ (ಖಾಲಿ ಮೌಲ್ಯ) ಸಿಗುತ್ತದೆ. ಆಗ ಸೋರ್ಸ್ ಫೈಲ್ ಲೋಡರ್ ಅನ್ನು ನೀವೇ ಕೊಡಬೇಕು.

ಈಗ ನಮ್ಮ ಕಾಲವಲಯದ ವಿಷಯ. ಡೇಟ್‌ಟೈಮಿನ ಯುಟಿಸಿನೌ 3.12ರಲ್ಲಿ ಡೆಪ್ರಿಕೇಟ್ ಆಗಿದೆ, ತೆಗೆಯುವ ಆವೃತ್ತಿ ನಿಗದಿಯಾಗಿಲ್ಲ. ಅದು ಕೊಡುವುದು ಯುಟಿಸಿ (ವಿಶ್ವ ಪ್ರಮಾಣ) ಸಮಯ, ಆದರೆ ವಲಯದ ಗುರುತಿಲ್ಲ. ಅದರ ಮೇಲೆ ಟೈಮ್‌ಸ್ಟ್ಯಾಂಪ್ ಕರೆದರೆ ಪೈಥಾನ್ ಅದನ್ನು ಸ್ಥಳೀಯ ಸಮಯ ಎಂದೇ ತಿಳಿಯುತ್ತದೆ. ಭಾರತೀಯ ಸಮಯಕ್ಕೆ ಹೊಂದಿಸಿದ ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿ ಐದೂವರೆ ಗಂಟೆ, ಅಂದರೆ 19,800 ಸೆಕೆಂಡು ಹಿಂದೆ ಬೀಳುತ್ತದೆ. ಯುಟಿಸಿಯಲ್ಲಿರುವ ಸರ್ವರಿನಲ್ಲಿ ತಪ್ಪೇ ಕಾಣುವುದಿಲ್ಲ. ಬದಲಿ, ನೌ ಫಂಕ್ಷನ್ನಿಗೆ ಯುಟಿಸಿ ವಲಯ ಕೊಡುವುದು. ಹಾಕಿದ ಕೂಡಲೇ ಮೂರು ಕಡೆ ನೋಡಿ. ಡೇಟಾಬೇಸಿನಿಂದ ಬಂದ ವಲಯವಿಲ್ಲದ ಸಮಯದ ಜೊತೆ ಹಿರಿದು-ಕಿರಿದು ಹೋಲಿಸಿದರೆ ಟೈಪ್ ಎರರ್. ಸಮವೇ ಎಂದು ಹೋಲಿಸಿದರೆ ದೋಷವಿಲ್ಲ, ಸುಮ್ಮನೆ ಫಾಲ್ಸ್ ಬರುತ್ತದೆ. ಹೆಚ್ಚು ಅಪಾಯ ಇದೇ. ಐಸೊಫಾರ್ಮ್ಯಾಟ್ ಈಗ ಕೊನೆಗೆ +00:00 ಸೇರಿಸುವುದರಿಂದ, ಹಿಂದೆ ಕೈಯಾರೆ "ಝಡ್" ಅಂಟಿಸುತ್ತಿದ್ದ ಕೋಡ್ ಎರಡನ್ನೂ ಸೇರಿಸಿ ಕೆಡಿಸುತ್ತದೆ. ಒಂದೇ ಏಟಿಗೆ ಎಲ್ಲ ಬದಲಿಸಲಾಗದಿದ್ದರೆ ವಲಯದ ಗುರುತು ತೆಗೆದುಹಾಕುವ ರಿಪ್ಲೇಸ್ ಕರೆಯನ್ನು ಅದರ ಬೆನ್ನಿಗೇ ಸೇರಿಸಿ. ವರ್ತನೆ ಹಿಂದಿನಂತೆಯೇ ಉಳಿಯುತ್ತದೆ, ವಾರ್ನಿಂಗ್ ಹೋಗುತ್ತದೆ. ಹಳೆಯ ತಪ್ಪು ಉಳಿಯುತ್ತದೆ ಅನ್ನುವುದು ಮಾತ್ರ ಗೊತ್ತಿರಲಿ.

ಇಲ್ಲಿ ಕುಳಿತವರಲ್ಲಿ ಕೆಲವರು ಲೈಬ್ರರಿ ಬರೆಯುವವರು. ನೀವು ಒಂದು ಫಂಕ್ಷನ್ ತೆಗೆಯುವುದಾದರೆ, ವಾರ್ನ್ ಕರೆಯಲ್ಲಿ ಸ್ಟ್ಯಾಕ್‌ಲೆವೆಲ್ 2 ಕೊಡಿ. ಕೊಡದಿದ್ದರೆ ಎಚ್ಚರಿಕೆ ನಿಮ್ಮ ಫೈಲಿನ ಸಾಲನ್ನೇ ತೋರಿಸುತ್ತದೆ, ಕರೆದವರ ಸಾಲನ್ನಲ್ಲ, ಮತ್ತು ಮುಖ್ಯ ಸ್ಕ್ರಿಪ್ಟಿಗೆ ತೋರಿಸುವ ಆ ಪೂರ್ವನಿಯೋಜಿತ ಫಿಲ್ಟರ್ ಅದನ್ನು ನುಂಗಿಬಿಡುತ್ತದೆ. ನಡುವೆ ಡೆಕೊರೇಟರ್ ಇದ್ದರೆ 3 ಬೇಕು. 3.12ರಿಂದ ಸ್ಕಿಪ್ ಫೈಲ್ ಪ್ರಿಫಿಕ್ಸಸ್ ಎಂಬ ಆಯ್ಕೆಯಿದೆ, ನಿಮ್ಮ ಪ್ಯಾಕೇಜಿನ ಫೋಲ್ಡರ್ ಹೇಳಿದರೆ ಎಣಿಕೆ ಅದೇ ಮಾಡಿಕೊಳ್ಳುತ್ತದೆ. 3.13ರಲ್ಲಿ ಪೆಪ್ 702ರ ಡೆಪ್ರಿಕೇಟೆಡ್ ಡೆಕೊರೇಟರ್ ಬಂದಿದೆ. ಅದು ಹಾಕಿದರೆ ಪೈರೈಟ್‌ನಂಥ ಟೈಪ್ ಚೆಕರ್‌ಗಳು ಕೋಡ್ ಓಡಿಸದೆಯೇ ಎಡಿಟರಿನಲ್ಲಿ ಗೆರೆ ಎಳೆದು ತೋರಿಸಬಲ್ಲವು. ಟೆಸ್ಟ್ ಬರೆಯದವರ ಕಿವಿಗೂ ಬೀಳುವ ಎಚ್ಚರಿಕೆ ಎಂದರೆ ಇದೇ. ಮಾಡ್ಯೂಲ್ ಮಟ್ಟದ ಸ್ಥಿರಾಂಕಗಳಿಗೆ 3.7ರಿಂದ ಇರುವ ಮಾಡ್ಯೂಲ್ ಗೆಟ್‌ಆಟ್ರ್ ಬಳಸಿ.

ಪೈಥಾನ್ ತಂಡ ತನಗಾಗಿ ಮಾಡಿಕೊಂಡ ಒಂದು ಉಪಾಯ ನನಗೆ ಬಹಳ ಇಷ್ಟ. ವಾರ್ನಿಂಗ್ಸ್ ಮಾಡ್ಯೂಲಿನಲ್ಲಿ ಒಂದು ಖಾಸಗಿ ಫಂಕ್ಷನ್ನಿದೆ, ಅದಕ್ಕೆ ತೆಗೆಯಬೇಕಾದ ಆವೃತ್ತಿ ಹೇಳಬೇಕು. ಆ ಆವೃತ್ತಿಯ ಆಲ್ಫಾ ಹಂತ ದಾಟಿಯೂ ಕೋಡ್ ಉಳಿದಿದ್ದರೆ ಅದು ವಾರ್ನಿಂಗ್ ಬಿಟ್ಟು ರನ್‌ಟೈಮ್ ಎರರ್ ಎಸೆಯುತ್ತದೆ. ತೆಗೆಯುತ್ತೇವೆ ಎಂದು ಹೇಳಿ ಮರೆಯಲು ಆಗುವುದೇ ಇಲ್ಲ. ನಿಮ್ಮ ಲೈಬ್ರರಿಯಲ್ಲೂ ಹತ್ತು ಸಾಲಿನಲ್ಲಿ ಮಾಡಿಕೊಳ್ಳಬಹುದು. ತೆಗೆಯುವ ದಿನವನ್ನೂ ಸರಿಯಾಗಿ ಆರಿಸಿ: ಆವೃತ್ತಿಯ ಚಕ್ರ ಶುರುವಾದ ಕೂಡಲೇ, ಕೊನೆಯ ವಾರದಲ್ಲಿ ಅಲ್ಲ. ಪೈಥಾನಿನಲ್ಲಿ ಮೇ ತಿಂಗಳ ಬೀಟಾ 1 ಆದಮೇಲೆ ಮುಂದಿನ ಆವೃತ್ತಿಗೆ ಕೋಡ್ ತೆರೆದುಕೊಳ್ಳುತ್ತದೆ. ಆಗ ಅಳಿಸಿದರೆ, ಫೆಡೋರಾದಂಥ ವಿತರಣೆಗಳು ಆಲ್ಫಾ ಇಟ್ಟುಕೊಂಡು ತಮ್ಮ ಪ್ಯಾಕೇಜುಗಳನ್ನು ಮತ್ತೆ ಬಿಲ್ಡ್ ಮಾಡಿ ಏನೇನು ಮುರಿಯಿತು ಎಂದು ವರದಿ ಕೊಡಲು ಸಮಯ ಸಿಗುತ್ತದೆ, ಬೇಕಾದರೆ ವಾಪಸ್ ತರಲೂ.

ಪ್ರಶ್ನೆ: ಹಳೆಯ ಮಾಡ್ಯೂಲಿನ ಫೈಲನ್ನೇ ನಮ್ಮ ಪ್ರಾಜೆಕ್ಟಿಗೆ ನಕಲು ಮಾಡಿಕೊಂಡರೆ ಆಗುವುದಿಲ್ಲವೇ?

ಟೆಲ್‌ನೆಟ್‌ಲಿಬ್‌ನಂಥ ಶುದ್ಧ ಪೈಥಾನ್ ಫೈಲಿಗೆ ಆಗುತ್ತದೆ, ಪರವಾನಗಿ ಸಾಲುಗಳನ್ನು ಉಳಿಸಿಕೊಳ್ಳಿ. ಹಳೆಯ ನೆಟ್‌ವರ್ಕ್ ಸಾಧನಗಳ ಜೊತೆ ಮಾತಾಡುವ ಸ್ಕ್ರಿಪ್ಟಿಗೆ ಅದು ತಕ್ಕ ದಾರಿಯೇ. ಆಡಿಯೋಆಪ್ ಸಿ ಭಾಷೆಯಲ್ಲಿದೆ, ಅದನ್ನು ನಕಲು ಮಾಡಿದರೆ ಬಿಲ್ಡ್ ವ್ಯವಸ್ಥೆಯೂ ನಿಮ್ಮ ತಲೆಗೆ. ನಕಲು ಮಾಡಿದ ಫೈಲಿಗೆ ಎಚ್ಚರಿಕೆ ತಲುಪುವುದಿಲ್ಲ ಅನ್ನುವುದನ್ನೂ ಯೋಚಿಸಿ. ವರ್ಷನಿಯರ್ ಎಂಬ ಉಪಕರಣ ತನ್ನ ಒಂದು ಫೈಲನ್ನು ಪ್ರತಿ ಪ್ರಾಜೆಕ್ಟಿಗೂ ನಕಲು ಮಾಡಿ ಇಡುತ್ತದೆ. ಅದರ ಹಳೆಯ ಪ್ರತಿಗಳು ಸೇಫ್‌ಕಾನ್ಫಿಗ್‌ಪಾರ್ಸರ್ ಬಳಸುತ್ತಿದ್ದವು. ಮೂಲ ಸರಿಯಾಗಿ ಎಷ್ಟೋ ಕಾಲವಾಗಿದ್ದರೂ, 3.12ರಲ್ಲಿ ಆ ಕ್ಲಾಸ್ ಹೋದಾಗ ನಕಲುಗಳು ಒಂದೊಂದು ಕಡೆ ಬೇರೆ ಬೇರೆಯಾಗಿ ಮುರಿದವು.

ಪ್ರಶ್ನೆ: ಗೋ ಭಾಷೆಯವರು ಏನನ್ನೂ ತೆಗೆಯುವುದಿಲ್ಲ. ಪೈಥಾನ್ ಯಾಕೆ ಹಾಗಿರಬಾರದು?

ಹಳೆಯ ಕೋಡ್ ಮುರಿಯುವುದಿಲ್ಲ ಎಂಬ ಗೋ 1ರ ಭರವಸೆಯಿಂದಾಗಿ ಅಲ್ಲಿ ಐಒಯುಟಿಲ್ ಎಂಬ ಹಳೆಯ ಪ್ಯಾಕೇಜ್ ಇವತ್ತಿಗೂ ಇದೆ, ಹೊಸಬರು ಬಳಸಬಾರದು ಎಂಬ ಟಿಪ್ಪಣಿಯೊಂದಿಗೆ. ಅದು ತೆಳುವಾದ ಹೊದಿಕೆ, ಇಟ್ಟುಕೊಳ್ಳಲು ಖರ್ಚಿಲ್ಲ. ಪೈಥಾನಿನ ಪೆಪ್ 387ರಲ್ಲೂ ಈಗ ಸಾಫ್ಟ್ ಡೆಪ್ರಿಕೇಶನ್ ಎಂಬ ದರ್ಜೆಯಿದೆ: ವಾರ್ನಿಂಗ್ ಇಲ್ಲ, ತೆಗೆಯುವ ಯೋಜನೆಯೂ ಇಲ್ಲ, ಹೊಸ ಕೋಡಿಗೆ ಬೇಡ ಅಷ್ಟೇ. ಖರ್ಚಿಲ್ಲದ್ದಕ್ಕೆ ಅದು ಸರಿ. ಯುನಿಟ್‌ಟೆಸ್ಟ್‌ನ ಅಸರ್ಟ್‌ಈಕ್ವಲ್ಸ್‌ನಂಥ ಅಡ್ಡಹೆಸರುಗಳನ್ನು 3.12ರಲ್ಲಿ ತೆಗೆದದ್ದರಿಂದ ಯಾರಿಗೂ ದೊಡ್ಡ ಲಾಭವಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕ್ರಿಪ್ಟ್, ಮೇಲ್‌ಕ್ಯಾಪ್ ತೆಗೆದದ್ದು ಬೇಕಾಗಿತ್ತು.

ಪ್ರಶ್ನೆ: ದೋಷ ಬಂದರೆ ಗೊತ್ತಾಗುತ್ತದೆ. ದೋಷವೇ ಬರದೆ ಮುರಿಯುವಂಥದ್ದು ಏನಾದರೂ ಇದೆಯೇ?

ಇದೆ. 3.14ರಲ್ಲಿ, ಕೋಡನ್ನು ಮರದ ರೂಪದಲ್ಲಿ ಓದಿಕೊಡುವ ಎಎಸ್‌ಟಿ ಮಾಡ್ಯೂಲಿನ ಸ್ಟರ್, ನಂ, ಬೈಟ್ಸ್ ಮೊದಲಾದ ಹಳೆಯ ನೋಡ್ ಕ್ಲಾಸುಗಳು ಹೋದವು. ಆ ಹೆಸರನ್ನು ನೇರವಾಗಿ ಬಳಸಿದರೆ ಆಟ್ರಿಬ್ಯೂಟ್ ಎರರ್ ಬರುತ್ತದೆ, ತೊಂದರೆಯಿಲ್ಲ. ಆದರೆ ನೋಡ್‌ವಿಸಿಟರ್‌ನಿಂದ ಕ್ಲಾಸ್ ಮಾಡಿ ವಿಸಿಟ್ ಸ್ಟರ್ ಎಂಬ ಮೆಥಡ್ ಬರೆದಿದ್ದರೆ, ಅದನ್ನು ಈಗ ಯಾರೂ ಕರೆಯುವುದಿಲ್ಲ. ಕೋಡಿನಲ್ಲಿ ಗುಪ್ತ ಕೀಲಿ ಸೇರಿಕೊಂಡಿದೆಯೇ ಎಂದು ಸ್ಟ್ರಿಂಗ್‌ಗಳನ್ನು ಜಾಲಾಡುವ ನಿಮ್ಮ ಒಳಗಿನ ಲಿಂಟರ್ ಹೀಗೆ ಬರೆದದ್ದಾದರೆ, 3.14ರಲ್ಲಿ ಅದು ಯಾವ ಫೈಲಿನಲ್ಲೂ ಏನೂ ಸಿಗಲಿಲ್ಲ ಎಂದು ಹಸಿರು ತೋರಿಸುತ್ತದೆ. ವಿಸಿಟ್ ಕಾನ್‌ಸ್ಟಂಟ್ ಎಂದು ಬದಲಿಸಿ, ಒಳಗೆ ಮೌಲ್ಯದ ಟೈಪ್ ಸ್ಟ್ರಿಂಗೇ ಎಂದು ನೋಡಿ. ಜೊತೆಗೆ, ಬೇಕೆಂದೇ ಸುಳ್ಳು ಕೀಲಿ ಇಟ್ಟ ಒಂದು ಫೈಲನ್ನು ಲಿಂಟರ್ ಹಿಡಿಯುತ್ತದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಒಂದನ್ನು ಇವತ್ತೇ ಸೇರಿಸಿ.